ಜೋಡಿಸಿದರೆ ಸಿಗುವುದೇನು?

ನಾಲ್ಕನೇ ತರಗತಿಯ ನನ್ನ ಮಗಳಿಗೆ ಏರಿಕೆ ಕ್ರಮ, ಇಳಿಕೆ ಕ್ರಮವೆಂದರೆ ಬೇಸರ. ‘ಹೀಗೆ ಜೋಡಿಸಿದರೆ ಏನು ಸಿಗುತ್ತೆ?’ ಎಂದಳು. 1995 ಎಂದು ಬರೆದುಕೊಟ್ಟೆ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿಟ್ಟರೆ 9951, ಏರಿಕೆಯಲ್ಲಿ 1599. ಕಳೆದರೆ 8352. ಅದನ್ನೂ ಹಾಗೆಯೇ ಜೋಡಿಸಿದಳು: 8532ರಲ್ಲಿ 2358 ಕಳೆದರೆ 6174. ಮತ್ತೆ ಮಾಡಿದರೂ ಅದೇ 6174!

ನಾಲ್ಕೂ ಅಂಕಿ ಒಂದೇ ಆಗಿರದ ಯಾವ ನಾಲ್ಕಂಕಿಯ ಸಂಖ್ಯೆಯೂ ಹೆಚ್ಚೆಂದರೆ ಏಳು ಹೆಜ್ಜೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಸೊನ್ನೆ ಮೊದಲಿಗೆ ಬಂದರೂ ಬಿಡಬಾರದು, ಅಷ್ಟೇ. ಇದನ್ನು ಕಂಡುಕೊಂಡವರು ನಾಸಿಕ್ ಬಳಿಯ ದೇವಳಾಲಿಯ ಶಾಲಾ ಮಾಸ್ತರು ಕಾಪ್ರೇಕರ್. ಸ್ನಾತಕೋತ್ತರ ಪದವಿಯಿರದ ಅವರಿಗೆ ಅಂಕಿಗಳೇ ಆಟದ ಸಾಮಾನು.

ನೀವು ಹುಟ್ಟಿದ ವರ್ಷವನ್ನೇ ಹಿಡಿದು ನೋಡಿ. ಮಕ್ಕಳ ‘ಏನು ಸಿಗುತ್ತೆ?’ಗೆ ಗದರಿಕೆಗಿಂತ ಇಂಥದೊಂದು ಲೆಕ್ಕ ಲೇಸು.