ಎರಡು ಅಂಕದ ಉತ್ತರಗಳು

ಹಾವೇರಿ ಕಡೆಯ ನಮ್ಮ ಶಾಲೆಯಲ್ಲಿ ಗುಜರಾತ್ ಅಂದರೆ ಮೂರು ಪ್ರಶ್ನೆ. ದಂಡಿಯಾತ್ರೆ ಎಲ್ಲಿಂದ ಹೊರಟಿತು? ಶಿವಾಜಿ ಸೂರತ್ ಮೇಲೆ ಯಾವಾಗ ದಾಳಿ ಮಾಡಿದ? ಅಂಬೇಡ್ಕರರಿಗೆ ವಿದ್ಯಾರ್ಥಿವೇತನ ಕೊಟ್ಟ ಮಹಾರಾಜ ಯಾರು? ಬರೆದೆ, ಅಂಕ ಬಂತು, ಮರೆತೆ. ನೌಕರಿಗೆಂದು ಅಹಮದಾಬಾದಿಗೆ ಬಂದ ಮೇಲೆ ಆ ಉತ್ತರಗಳು ಮತ್ತೆ ಎದುರಾದವು.

1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ ಗಾಂಧೀಜಿಯ ಜೊತೆ ಹೊರಟ 78 ಮಂದಿಯಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದ್ದರು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಹುತಾತ್ಮರೆಂದು ಊರಲ್ಲಿ ಕೇಳಿದ್ದೆ. ಆದರೆ ಅವರಿಗಾಗ ಬರೀ ಹದಿನೆಂಟು ವರ್ಷ, ನನ್ನಂತೆಯೇ ಊರು ಬಿಟ್ಟು ಇಷ್ಟು ದೂರ ಬಂದಿದ್ದರು ಎಂಬುದು ಆಶ್ರಮದ ಅಂಗಳದಲ್ಲಿ ನಿಂತಾಗಲೇ ಮನಸ್ಸಿಗೆ ಹೊಕ್ಕಿದ್ದು.

ಕೆಲಸದ ಮೇಲೆ ಸೂರತ್‌ಗೆ ಹೋದಾಗ ತಾಪಿ ದಂಡೆಯ ಕೋಟೆ ನೋಡಿದೆ. 1664ರ ದಾಳಿಯ ಪಾಠಕ್ಕೆ ನಾವು ತರಗತಿಯಲ್ಲಿ ಚಪ್ಪಾಳೆ ಹೊಡೆದಿದ್ದೆವು. ಮೊಘಲ್ ಅಧಿಕಾರಿ ಇನಾಯತ್ ಖಾನ್ ಇದೇ ಕೋಟೆಯೊಳಗೆ ಅಡಗಿ ಕುಳಿತ. ಸುಟ್ಟಿದ್ದು ಊರವರ ಮನೆಗಳು. ಇಂಗ್ಲಿಷ್ ಕಂಪನಿಗೇ ಸಾಲ ಕೊಡುತ್ತಿದ್ದ ಸಾಹುಕಾರ ವಿರ್ಜಿ ವೋರಾನ ಮನೆಯೂ ಲೂಟಿಯಾಯಿತು. ಶಿವಾಜಿ ಮೇಲಿನ ಅಭಿಮಾನ ಹೋಗಲಿಲ್ಲ. ಆ ಊರಲ್ಲೂ ಜನ ಇದ್ದರು ಎಂಬುದು ಮಾತ್ರ ಹೊಸದಾಗಿ ತಿಳಿಯಿತು.

ಆಮೇಲೆ ವಡೋದರಾಕ್ಕೆ ವರ್ಗವಾಯಿತು. ಬಾಡಿಗೆ ಮನೆಯ ಮಾಲೀಕರು ಬಾಡಿಗೆಗಿಂತ ಮೊದಲು ಜಾತಿ ಕೇಳಿದರು. ಹೇಳಿದೆ. ಅವತ್ತೇ ಕೀಲಿ ಕೈಗೆ ಬಂತು. ಸದ್ಯ, ಅಲೆದಾಟ ತಪ್ಪಿತು ಅಂತ ಖುಷಿಯೇ ಆಯಿತು.

ಆ ಭಾನುವಾರ ಸಯಾಜಿಬಾಗ್‌ಗೆ ಹೋದೆವು. ಹಿಂದೆ ಅದು ಕಮಾಟಿಬಾಗ್. ಮಹಾರಾಜರ ನೆರವಿನಿಂದ ಕೊಲಂಬಿಯಾದಲ್ಲಿ ಓದಿದ ಅಂಬೇಡ್ಕರರು 1917ರಲ್ಲಿ ಇಲ್ಲಿಗೇ ನೌಕರಿಗೆ ಬಂದರು. ತಂಗಲು ಜಾಗವಿಲ್ಲದೆ ಜಾತಿ ಮುಚ್ಚಿಟ್ಟು ಪಾರ್ಸಿ ವಸತಿಗೃಹ ಸೇರಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದವರು ಬಂದು ಹೊರಡಿಸಿದರು. ರಾತ್ರಿಯ ಮುಂಬೈ ರೈಲಿನ ಹೊತ್ತಾಗುವವರೆಗೆ ಅವರು ಕಾದದ್ದು ಇದೇ ತೋಟದಲ್ಲಿ. ಇದನ್ನು ಅವರೇ ಬರೆದಿಟ್ಟಿದ್ದಾರೆ. ವಿದ್ಯಾರ್ಥಿವೇತನ ಕೊಟ್ಟ ಊರಲ್ಲಿ ಅವರಿಗೆ ಒಂದು ಕೋಣೆ ಸಿಗಲಿಲ್ಲ. ಅವರನ್ನು ಹೊರಗೆ ಹಾಕಿದ ಪ್ರಶ್ನೆಯೇ ನೂರು ವರ್ಷದ ಮೇಲೆ ನನಗೆ ಮನೆ ಕೊಡಿಸಿತ್ತು. ಕೀಲಿ ಜೇಬಿನಲ್ಲೇ ಇತ್ತು.

ಈ ವರ್ಷ ಮಗಳಿಗೂ ಅದೇ ಪಾಠ ಬಂದಿದೆ. "ಸಯಾಜಿರಾವ್ ಗಾಯಕವಾಡ ಅಂತ ಬರಿ ಪುಟ್ಟಿ, ಅಂಕ ಬರುತ್ತೆ" ಅಂದೆ. ಆಮೇಲೆ ತೋಟಕ್ಕೆ ಕರೆದೊಯ್ದು, ಉಳಿದ ಕತೆಯ ಜೊತೆಗೆ ನಮಗೆ ಮನೆ ಸಿಕ್ಕಿದ್ದು ಹೇಗೆಂದೂ ಹೇಳಿದೆ.