ಒಂದು ಲಿಗಮೆಂಟ್ ಕಮ್ಮಿ

1996ರಲ್ಲಿ ಅಮೆರಿಕದ ಒಂದು ಬೇಸ್‌ಬಾಲ್ ಪತ್ರಿಕೆಯ ಮುಖಪುಟದಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಹೊರಟ ತಂಡದ ಪಿಚರ್‌ಗಳ ಫೋಟೋ ಬಂತು. ಎಲ್ಲರ ಕೈಯೂ ನೇರವಾಗಿ ಇಳಿಬಿಟ್ಟಿದೆ, ಒಬ್ಬನದು ಮಾತ್ರ ಮೊಣಕೈ ಹತ್ತಿರ ಸ್ವಲ್ಪ ಸೊಟ್ಟ. (ಪಿಚರ್ ಅಂದ್ರೆ ಬೇಸ್‌ಬಾಲ್‌ನ ಬೌಲರ್. ನಮ್ಮಲ್ಲಿ ಪಿಚ್ಚರ್ ಅಂದ್ರೆ ಸಿನಿಮಾ, ಹಾಗಾಗಿ ಒಂದು ಒತ್ತು ಕಮ್ಮಿ ಮಾಡಿ ಬರೀತಿದ್ದೀನಿ.) ಆ ಒಬ್ಬನ ಹೆಸರು ಆರ್. ಎ. ಡಿಕಿ. ಟೆಕ್ಸಾಸ್ ರೇಂಜರ್ಸ್ ತಂಡ ಅವನನ್ನು ಆ ವರ್ಷದ ಡ್ರಾಫ್ಟ್‌ನಲ್ಲಿ 18ನೆಯವನಾಗಿ ಆರಿಸಿಕೊಂಡಿತ್ತು, 8,10,000 ಡಾಲರ್ ಕೊಡುವ ಮಾತೂ ಆಗಿತ್ತು. ಫೋಟೋ ನೋಡಿದ ತಂಡದ ವೈದ್ಯಕೀಯ ಸಿಬ್ಬಂದಿಗೆ ಅನುಮಾನ ಬಂತು. ಪರೀಕ್ಷೆ ಮಾಡಿಸಿದರೆ, ಬಲ ಮೊಣಕೈಯಲ್ಲಿ ಅಲ್ನರ್ ಕೊಲ್ಯಾಟರಲ್ ಲಿಗಮೆಂಟ್ ಇರಲೇ ಇಲ್ಲ! ಹರಿದಿರೋದಲ್ಲ, ಇಲ್ಲವೇ ಇಲ್ಲ. ಬಾಗಿಲ ಹಿಡಿ ತಿರುಗಿಸಿದರೂ ನೋವಾಗಬೇಕಿತ್ತು ಅಂತ ಡಾಕ್ಟರ್‌ಗಳಿಗೆ ಆಶ್ಚರ್ಯ. 8,10,000 ಡಾಲರ್ ಹೋಗಿ 75,000 ಆಯಿತು. ಹುಡುಗ ಸಹಿ ಹಾಕಿದ.

ಈ ಲಿಗಮೆಂಟ್ ಮೊಣಕೈಯ ಒಳಬದಿಯಲ್ಲಿ ಎರಡು ಮೂಳೆಯನ್ನ ಬಿಗಿಯಾಗಿ ಹಿಡಿದಿರುವ ಪಟ್ಟಿ. ಜೋರಾಗಿ ಎಸೆಯುವಾಗ ಬರೋ ತಿರುಚುವ ಬಲವನ್ನ ಮುಖ್ಯವಾಗಿ ತಡೆದುಕೊಳ್ಳೋದು ಇದೇ. ಹಾಗಾಗಿ ಪಿಚರ್‌ಗಳಲ್ಲಿ ಇದು ಹರಿಯೋದು ಮಾಮೂಲಿ. 1974ರಲ್ಲಿ ಫ್ರಾಂಕ್ ಜೋಬ್ ಅನ್ನೋ ಸರ್ಜನ್, ಟಾಮಿ ಜಾನ್ ಅನ್ನೋ ಪಿಚರ್‌ನ ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು ಇಲ್ಲಿ ಕೂರಿಸಿದ ಮೇಲೆ ಆ ಆಪರೇಷನ್ನಿಗೇ ಟಾಮಿ ಜಾನ್ ಸರ್ಜರಿ ಅಂತ ಹೆಸರಾಯ್ತು. ಡಿಕಿಗೆ ಹರಿಯಲಿಕ್ಕೇ ಏನೂ ಇರಲಿಲ್ಲ. ಇದನ್ನ ಅದೃಷ್ಟ ಅನ್ನಬೇಕಾ ದುರದೃಷ್ಟ ಅನ್ನಬೇಕಾ ನನಗಿನ್ನೂ ತೀರ್ಮಾನ ಆಗಿಲ್ಲ.

ನನಗೆ ಬೇಸ್‌ಬಾಲ್ ಗೊತ್ತಾಗಿದ್ದು ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನಿಂದ. ಬೌಂಡರಿ ಲೇಯರ್ ಪಾಠ ನಡೀತಿತ್ತು, ಚೆಂಡಿನ ಸೀಮ್ ಗಾಳಿಯನ್ನು ಹೇಗೆ ಕೆಡಿಸುತ್ತೆ ಅನ್ನೋ ಉದಾಹರಣೆಗೆ ನಮ್ಮ ಸರ್ ನಕಲ್‌ಬಾಲ್ ಅಂದರು. ಎಕ್ಸಾಮ್‌ಗೆ ಬರಲ್ಲ ಅಂತಾನೂ ಅಂದರು, ಅದಕ್ಕೇ ನಾನು ಹುಡುಕಿ ಓದಿದೆ.

ವೇಗದ ಪಿಚರ್ ಗಂಟೆಗೆ ಸುಮಾರು 145 ಕಿ.ಮೀ. ವೇಗದಲ್ಲಿ ಎಸೆದ ಚೆಂಡು ನಿಮಿಷಕ್ಕೆ 2,200 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತೆ. ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಮುಂದಿನ ಪ್ಲೇಟ್‌ಗೆ 18.44 ಮೀಟರ್, ನಮ್ಮ ಕ್ರಿಕೆಟ್ ಪಿಚ್ಚಿಗಿಂತ ಚೂರು ಕಮ್ಮಿ. ಲೆಕ್ಕ ಹಾಕಿ ನೋಡಿ, ಸುಮಾರು 0.4 ಸೆಕೆಂಡಿನ ಪಯಣದಲ್ಲಿ ಚೆಂಡು 15 ಸುತ್ತು ಹಾಕಿರುತ್ತೆ. ನಕಲ್‌ಬಾಲ್ ಹೆಚ್ಚುಕಮ್ಮಿ ತಿರುಗೋದೇ ಇಲ್ಲ, ಇಡೀ ದಾರಿಗೆ ಒಂದೋ ಒಂದೂವರೆಯೋ ಸುತ್ತು. ಹೊಲಿಗೆ ಒಂದು ಕಡೆ ಮುಂದೆ ಬಂದಾಗ ಗಾಳಿ ಅಲ್ಲಿ ಒಂದು ರೀತಿ ಹರಿಯುತ್ತೆ, ನುಣುಪು ಇರೋ ಕಡೆ ಇನ್ನೊಂದು ರೀತಿ. ಚೆಂಡು ನಿಧಾನಕ್ಕೆ ಹೊರಳಿದ ಹಾಗೆ ತಳ್ಳುವ ಬಲದ ದಿಕ್ಕೂ ಬದಲಾಗುತ್ತೆ. ಎಲ್ಲಿ ಹೋಗುತ್ತೆ ಅಂತ ಬ್ಯಾಟರ್‌ಗೂ ಗೊತ್ತಿಲ್ಲ, ಕ್ಯಾಚರ್‌ಗೂ ಗೊತ್ತಿಲ್ಲ, ಎಸೆದವನಿಗೂ ಗೊತ್ತಿಲ್ಲ. ಹೆಸರು ನಕಲ್ ಆದರೂ ಹಿಡಿಯೋದು ಗೆಣ್ಣಿನಿಂದ ಅಲ್ಲ, ಉಗುರಿನಿಂದ. ಡಿಕಿ ಉಗುರುಗಳನ್ನ ನಾವು ವರ್ನಿಯರ್ ಕ್ಯಾಲಿಪರ್ ನೋಡ್ಕೊಂಡ ಹಾಗೆ ನೋಡ್ಕೋತಿದ್ದ. ಕ್ರಿಕೆಟ್‌ನವರಿಗೂ ಈ ಎಸೆತ ಹೊಸದಲ್ಲ, 2011ರ ವಿಶ್ವಕಪ್‌ನಲ್ಲಿ ಜಹೀರ್ ಖಾನ್ ಹಾಕಿದ್ದು ಇದರ ತಮ್ಮನನ್ನೇ.

ಆದರೆ ಡಿಕಿ ಶುರು ಮಾಡಿದ್ದು ಸಾಮಾನ್ಯ ಪಿಚರ್ ಆಗಿ. 2001ರಲ್ಲಿ ಮೊದಲ ಸಲ ಮೇಜರ್ ಲೀಗ್‌ನಲ್ಲಿ ಆಡಿದ. ಮೇಲಿನ ಲೀಗ್‌ಗೆ ಹೋಗೋದು, ಕೆಳಗೆ ಬರೋದು, ಮತ್ತೆ ಹೋಗೋದು. ವೇಗ ಇಳೀತಾ ಬಂತು. 2005ರಲ್ಲಿ ರೇಂಜರ್ಸ್ ಕೋಚ್‌ಗಳು ಕೂರಿಸಿಕೊಂಡು ನೇರವಾಗಿ ಹೇಳಿದರು: ಈಗ ಇರೋ ಎಸೆತದಲ್ಲಿ ನಿನಗೆ ಇಲ್ಲಿ ಭವಿಷ್ಯ ಇಲ್ಲ, ನಕಲ್‌ಬಾಲ್ ಪಿಚರ್ ಆಗು. ವಯಸ್ಸು 30. ಮನೆಯಲ್ಲಿ ಹೆಂಡತಿ, ಮಕ್ಕಳು.

ಯೂಟ್ಯೂಬ್‌ನಲ್ಲಿ ಅವನ ಕಥೆಯನ್ನ ಛಲ ಬಿಡಬೇಡಿ ಅನ್ನೋ ಥರ ಹಿನ್ನೆಲೆ ಸಂಗೀತ ಹಾಕಿ ತೋರಿಸ್ತಾರೆ. ನನಗೆ ಅದು ಸುಳ್ಳು ಅನ್ಸುತ್ತೆ. ಅವನು ಬಿಟ್ಟ. ಚಿಕ್ಕಂದಿನಿಂದ ಕಲಿತದ್ದನ್ನ, ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ತಂದುಕೊಟ್ಟದ್ದನ್ನ, ಇದು ನನ್ನಲ್ಲಿ ಸಾಧಾರಣ ಅಂತ ಒಪ್ಪಿಕೊಂಡು ಬಿಟ್ಟ. ಅದಕ್ಕೆ ಎಷ್ಟು ಸಂಕಟ ಆಗಿರಬಹುದು ಅಂತ ಯಾರೂ ಹೇಳಲ್ಲ.

ಹೊಸ ಕೈಚಳಕದೊಂದಿಗೆ 2006ರ ಏಪ್ರಿಲ್ 6ರಂದು ಡೆಟ್ರಾಯಿಟ್ ಟೈಗರ್ಸ್ ವಿರುದ್ಧ ಇಳಿದ. ಹತ್ತು ಔಟ್ ಮಾಡೋ ಹೊತ್ತಿಗೆ ಆರು ಹೋಂ ರನ್ ಹೊಡೆಸಿಕೊಂಡ. ಹೋಂ ರನ್ ಅಂದ್ರೆ ನಮ್ಮ ಸಿಕ್ಸರ್ ಅಂದ್ಕೊಳ್ಳಿ, ಆದರೆ ಇಡೀ ಪಂದ್ಯದಲ್ಲಿ ಒಂದೋ ಎರಡೋ ಬೀಳೋ ಅಂಥದ್ದು. ಒಬ್ಬ ಪಿಚರ್ ಒಂದೇ ಪಂದ್ಯದಲ್ಲಿ ಆರು ಕೊಡೋದು ಆಧುನಿಕ ಕಾಲದ ದಾಖಲೆಗೆ ಸಮ. ಮತ್ತೆ ಮೈನರ್ ಲೀಗ್‌ಗೆ ಕಳಿಸಿದರು.

ರಜೆಗೆ ಮನೆಗೆ ಹೋದಾಗ ಈ ಭಾಗವನ್ನ ಅಪ್ಪನಿಗೆ ಹೇಳಿದೆ. ಅಪ್ಪ ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಇಪ್ಪತ್ತೊಂದು ವರ್ಷ ಲೇತ್ ಮೇಲೆ ಕೆಲಸ ಮಾಡಿದವರು. ತಿರುಗಿಸಿದ ಶಾಫ್ಟ್ ಮೇಲೆ ಬೆರಳಾಡಿಸಿ ಫಿನಿಶ್ ಹೇಗಿದೆ ಅಂತ ಹೇಳ್ತಾರೆ. ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ಅಲ್ಲಿನ ಹಳೇ ಲೇತ್‌ಗಳೆಲ್ಲ ಗುಜರಿಗೆ ಹೋಗಿ ಸಿಎನ್‌ಸಿ ಮೆಷಿನ್ ಬಂದವು. ನಲವತ್ನಾಲ್ಕನೇ ವಯಸ್ಸಲ್ಲಿ ಅಪ್ಪ ಐಟಿಐ ಮುಗಿಸಿದ ಹುಡುಗರ ಪಕ್ಕ ಕೂತು ಸಂಜೆ ಕ್ಲಾಸಲ್ಲಿ ಜಿ-ಕೋಡ್ ಕಲಿತರು. ಮ್ಯಾನ್ಯುಯಲ್ ಇಂಗ್ಲಿಷಿನಲ್ಲಿತ್ತು. ರಾತ್ರಿ ಊಟ ಆದ ಮೇಲೆ ನಾನು ಓದಿ ಕನ್ನಡದಲ್ಲಿ ಹೇಳೋದು, ಅವರು ನನ್ನ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರ್ಕೊಳ್ಳೋದು. ನನ್ನ ಇಂಗ್ಲಿಷ್ ಮೀಡಿಯಂ ಮನೆಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ನನಗೆ ಕನ್ನಡ ಸ್ವಲ್ಪ ಗಟ್ಟಿಯಾದದ್ದೂ ಆಗಲೇ. ಫೀಡ್ ರೇಟ್ ಅನ್ನೋದನ್ನ ಕನ್ನಡದಲ್ಲಿ ಬಿಡಿಸಿ ಹೇಳಿ ನೋಡಿ, ಗೊತ್ತಾಗುತ್ತೆ.

ಎರಡನೇ ವಾರ ಒಂದು ಸಂಖ್ಯೆ ತಪ್ಪಿ ಟೂಲ್ ಹೋಗಿ ಜಾಬ್‌ಗೆ ಗುದ್ದಿತಂತೆ. ಆವತ್ತು ಅಪ್ಪ ಮನೆಗೆ ಬಂದು ಊಟ ಮಾಡದೆ ಮಲಗಿದರು. ಅಮ್ಮ ನನಗೆ ಸನ್ನೆ ಮಾಡಿದರು, ನಾನೂ ಏನೂ ಕೇಳಲಿಲ್ಲ. ಆ ತಿಂಗಳು ನನ್ನ ಸ್ಕೂಲ್ ಫೀಸ್ ಕಟ್ಟಬೇಕಿತ್ತು ಅನ್ನೋದು ಮನೆಯಲ್ಲಿ ಮೂವರಿಗೂ ಗೊತ್ತಿತ್ತು.

ಆರು ಹೋಂ ರನ್ ಕಥೆ ಕೇಳಿ ಅಪ್ಪ ಕೇಳಿದ್ದು ಒಂದೇ, "ಮಾರನೇ ದಿನ ಕೆಲಸಕ್ಕೆ ಹೋದ್ನಾ?"

"ಹೋದ ಅಪ್ಪ. ಕೆಳಗಿನ ಲೀಗ್‌ಗೆ, ಕಮ್ಮಿ ಸಂಬಳಕ್ಕೆ."

"ಹೋದ್ನಲ್ಲ."

ಅಲ್ಲಿಂದ ನಾಲ್ಕು ವರ್ಷ ಊರೂರು ಅಲೆತ. 2008ರಲ್ಲಿ ಸಿಯಾಟಲ್ ಪರ ಆಡುವಾಗ ಒಂದೇ ಇನ್ನಿಂಗ್ಸ್‌ನಲ್ಲಿ ನಾಲ್ಕು ವೈಲ್ಡ್ ಪಿಚ್ ಹಾಕಿ ಇನ್ನೊಂದು ಬೇಡದ ದಾಖಲೆ ಸರಿಗಟ್ಟಿದ. ಆದರೆ ಈ ವರ್ಷಗಳಲ್ಲೇ ನನಗೆ ತುಂಬಾ ಇಷ್ಟವಾದ ವಿಷಯ ಇರೋದು. ನಕಲ್‌ಬಾಲ್ ಎಸೆಯೋರು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು, ಅವರೊಳಗೆ ಗುಟ್ಟು ಅನ್ನೋದೇ ಇಲ್ಲ. ಚಾರ್ಲಿ ಹಾಫ್ ಹಿಡಿತ ತಿದ್ದಿದ. 318 ಪಂದ್ಯ ಗೆದ್ದು 48ನೇ ವಯಸ್ಸಿನವರೆಗೆ ಆಡಿದ್ದ ಫಿಲ್ ನೀಕ್ರೋ ಹೇಳಿಕೊಟ್ಟ. ಎದುರಾಳಿ ಬಾಸ್ಟನ್ ತಂಡದಲ್ಲಿದ್ದ ಟಿಮ್ ವೇಕ್‌ಫೀಲ್ಡ್ ಕೂಡ ತನ್ನ ಅಭ್ಯಾಸ ನೋಡಲಿಕ್ಕೆ ಬಿಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ನಮ್ಮ ಕ್ಲಾಸಲ್ಲಿ ಇಂಟರ್ನಲ್ಸ್ ಹಿಂದಿನ ದಿನ ನೋಟ್ಸ್ ಕೇಳಿ ನೋಡಿ!

2010ರಲ್ಲಿ ನ್ಯೂಯಾರ್ಕ್ ಮೆಟ್ಸ್ ಮೈನರ್ ಲೀಗ್ ಒಪ್ಪಂದದ ಮೇಲೆ ತಗೊಂಡಿತು. ಏಪ್ರಿಲ್‌ನಲ್ಲಿ ಬಫಲೋ ಪರ ಆಡುವಾಗ ಮೊದಲ ಬ್ಯಾಟರ್‌ಗೆ ಒಂದು ಹಿಟ್ ಕೊಟ್ಟು, ಆಮೇಲೆ ಸತತ 27 ಜನರನ್ನ ಔಟ್ ಮಾಡಿದ. ಮೇ ತಿಂಗಳಲ್ಲಿ ಮೇಲಕ್ಕೆ ಕರೆದರು. ಮಿಕ್ಕ ನಕಲ್‌ಬಾಲರ್‌ಗಳಿಗಿಂತ ಅವನದು ವೇಗ ಹೆಚ್ಚು, ಗಂಟೆಗೆ 124 ಕಿ.ಮೀ. ಆಸುಪಾಸು. ಹಳೇ ವೇಗದ ಕೈ ಪೂರ್ತಿ ದಂಡ ಆಗಲಿಲ್ಲ ಅನ್ನಿ. 2012ರ ಜೂನ್‌ನಲ್ಲಿ ಸತತ ಎರಡು ಪಂದ್ಯಗಳಲ್ಲಿ ಎದುರಾಳಿಗೆ ಒಂದೊಂದೇ ಹಿಟ್ ಬಿಟ್ಟುಕೊಟ್ಟ. ಆ ಸೀಸನ್ 20 ಗೆಲುವು, 6 ಸೋಲು, 230 ಸ್ಟ್ರೈಕ್‌ಔಟ್. 38ನೇ ವಯಸ್ಸಿಗೆ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ನಕಲ್‌ಬಾಲ್ ನಂಬಿಕೊಂಡವನೊಬ್ಬ ಅದನ್ನ ಗೆದ್ದದ್ದು ಅದೇ ಮೊದಲು.

ಅದೇ ವರ್ಷ ಜನವರಿಯಲ್ಲಿ ಅವನು ಕಿಲಿಮಂಜಾರೋ ಹತ್ತಿದ್ದ. ಗಾಯ ಮಾಡಿಕೊಂಡರೆ ಒಪ್ಪಂದ ರದ್ದು ಮಾಡಬಹುದು ಅಂತ ಮೆಟ್ಸ್ ಎಚ್ಚರಿಸಿದ್ದರೂ ಹೋದ. ಯಾಕೆ ಅಂದ್ರೆ ಮುಂಬೈಯಲ್ಲಿ ಮಾರಾಟವಾದ ಹೆಣ್ಣುಮಕ್ಕಳನ್ನು ಬಿಡಿಸುವ ಬಾಂಬೆ ಟೀನ್ ಚಾಲೆಂಜ್ ಅನ್ನೋ ಸಂಸ್ಥೆಗೆ ಹಣ ಕೂಡಿಸಲಿಕ್ಕೆ. ಮುಂದಿನ ವರ್ಷ ತನ್ನ ಹೆಣ್ಣುಮಕ್ಕಳನ್ನ ಕರ್ಕೊಂಡು ಮುಂಬೈಗೂ ಬಂದ. ಚಿಕ್ಕ ಹುಡುಗನಾಗಿದ್ದಾಗ ತನ್ನ ಮೇಲಾದ ಲೈಂಗಿಕ ದೌರ್ಜನ್ಯವನ್ನ ಅವನು 2012ರ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಂಕಿ-ಅಂಶ ಓದ್ತಾ ಕೂತಿದ್ದ ನಾನು ಇಲ್ಲಿಗೆ ಬಂದು ಲ್ಯಾಪ್‌ಟಾಪ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ.

ಆಮೇಲಿನದು ಬೇಗ ಹೇಳಿ ಮುಗಿಸ್ತೀನಿ. ಟೊರಾಂಟೊಗೆ ಹೋದ, ಅಷ್ಟು ಒಳ್ಳೇ ವರ್ಷ ಮತ್ತೆ ಬರಲಿಲ್ಲ. ಅವನ ಚೆಂಡು ಹಿಡಿಯಲು ಎಲ್ಲರಿಗೂ ಆಗಲ್ಲ ಅಂತ ದೊಡ್ಡ ಗ್ಲೌಸಿನ ಕ್ಯಾಚರ್ ಜಾಶ್ ತೋಲ್‌ನನ್ನೂ ಅದೇ ವ್ಯವಹಾರದಲ್ಲಿ ಜೊತೆಗೆ ಕಳಿಸಿದ್ದರು. 2017ರಲ್ಲಿ ಅಟ್ಲಾಂಟಾದಲ್ಲಿ ಕೊನೆಯ ಸೀಸನ್, 10 ಗೆಲುವು 10 ಸೋಲು. ಒಟ್ಟು 120 ಗೆಲುವು, 118 ಸೋಲು. ನನಗೆ ಸೈ ಯಂಗ್‌ಗಿಂತ ಈ ಕೊನೆಯ ಎರಡು ಸಂಖ್ಯೆ ಇಷ್ಟ.

ಈಗ ಹಾಸ್ಟೆಲ್ ಹಿಂದಿನ ಜಾಗದಲ್ಲಿ ಹಳೇ ಲೆದರ್ ಬಾಲ್ ಹಿಡ್ಕೊಂಡು ಪ್ರಯತ್ನ ಮಾಡ್ತಿದ್ದೀನಿ. ನಲವತ್ತರಲ್ಲಿ ಒಂದು ತಿರುಗದೆ ಹೋಗುತ್ತೆ. ಹೋದ ಭಾನುವಾರ ಹಾಗೆ ಹೋದದ್ದು ನನ್ನ ರೂಮ್‌ಮೇಟ್ ಮೊಣಕಾಲಿಗೆ ಬಿತ್ತು. ಕೀಪಿಂಗ್‌ಗೆ ಈಗ ಯಾರೂ ಬರ್ತಿಲ್ಲ, ಆಸಕ್ತಿ ಇರೋರು ಪ್ಯಾಡ್ ತಗೊಂಡು ಬನ್ನಿ.