ಅಮ್ಮಿಯ ರವಿವಾರ

ನಮ್ಮ ಬೈಲಹೊಂಗಲದಿಂದ ಬೆಳಗಾವಿಗೂ ಧಾರವಾಡಕ್ಕೂ ಹೆಚ್ಚುಕಡಿಮೆ ಒಂದೇ ದೂರ. ಕಚೇರಿ, ಕೋರ್ಟು, ಜಮೀನಿನ ಕಾಗದಪತ್ರ ಎಂದರೆ ನಾವು ಬೆಳಗಾವಿ ಬಸ್ಸು ಹತ್ತುತ್ತೇವೆ. ಹಾಡು, ನಾಟಕ, ಪುಸ್ತಕ ಎಂದರೆ ಧಾರವಾಡದ ಬಸ್ಸು. ಹೀಗೆಂದು ಯಾರೂ ಬರೆದಿಟ್ಟಿಲ್ಲ. ಆದರೆ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ, ಒಂದು ಕಾಲಕ್ಕೆ ತೊರಗಲ್ಲ ನಾಡು ಎನಿಸಿಕೊಂಡ ನಮ್ಮ ಸೀಮೆಯ ಓದುವ ಬರೆಯುವ ಮಂದಿಯ ಕಾಲು ತಾನಾಗಿಯೇ ಆ ಕಡೆ ಹೋಗುತ್ತದೆ.

ಧಾರವಾಡದ ರವಿವಾರಕ್ಕೆ ಅದರದೇ ಒಂದು ಚಂದವಿದೆ. ಬೆಳಗಿನ ಪತ್ರಿಕೆಯಲ್ಲಿ ‘ನಗರದಲ್ಲಿ ಇಂದು’ ಎಂಬ ಪಟ್ಟಿ ನೋಡಿದರೆ ಎಲ್ಲಿಗೆ ಹೋಗುವುದು, ಎಲ್ಲಿಗೆ ಬಿಡುವುದು ಎಂಬ ಚಿಂತೆ. ವಿದ್ಯಾವರ್ಧಕ ಸಂಘದಲ್ಲಿ ಪುಸ್ತಕ ಬಿಡುಗಡೆ, ಕರ್ನಾಟಕ ಕಾಲೇಜಿನ ಆವರಣದ ಸೃಜನಾ ರಂಗಮಂದಿರದಲ್ಲಿ ಸಂಗೀತ, ರಂಗಾಯಣದಲ್ಲಿ ನಾಟಕ, ಸಾಧನಕೇರಿಯ ಬೇಂದ್ರೆ ಭವನದಲ್ಲಿ ಉಪನ್ಯಾಸ. ಇವೆಲ್ಲ ಒಂದೇ ದಿನ ಬೀಳುವುದೂ ಉಂಟು. ಖುರ್ಚಿ ಅರ್ಧ ಖಾಲಿ, ಕುಳಿತವರ ತಲೆ ಬಹುಪಾಲು ಬಿಳಿ ಎಂಬ ದೂರು ಹಳೆಯದು. ಆದರೂ ಮುಂದಿನ ರವಿವಾರ ಮತ್ತೆ ಪಟ್ಟಿ ಬರುತ್ತದೆ, ಮತ್ತೆ ಅದೇ ಬಿಳಿ ತಲೆಗಳು ಬಂದು ಕೂಡುತ್ತವೆ. ಅವರ ಆ ನಿಷ್ಠೆಗೆ ನಾನು ಮನಸ್ಸಿನಲ್ಲೇ ಸಲಾಮು ಹೇಳುತ್ತೇನೆ.

ಈ ರವಿವಾರ ಎಂಬುದು ನಮ್ಮ ಹಳ್ಳಿಗಳದ್ದಲ್ಲ. ನಮ್ಮ ರೈತರು ಸೋಮವಾರ ಎತ್ತು ಹೂಡುವುದಿಲ್ಲ. ಅಮ್ಮಿಯ ತವರು ರಾಮದುರ್ಗ ತಾಲ್ಲೂಕಿನ ಸುರೇಬಾನ. ಅಲ್ಲಿನ ನೇಕಾರರ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗದ ಸದ್ದು ನಿಲ್ಲುತ್ತಿತ್ತಂತೆ. ನಮಗೆ ಶುಕ್ರವಾರದ ಮಧ್ಯಾಹ್ನ. ರವಿವಾರದ ರಜೆಯನ್ನು ಹೋರಾಡಿ ಪಡೆದವರು ಮುಂಬಯಿಯ ಗಿರಣಿ ಕಾರ್ಮಿಕರು. ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ 1890ರ ಜೂನ್‌ನಲ್ಲಿ ಅದು ದಕ್ಕಿತು. ಅದರ ಮರುತಿಂಗಳು, ಜುಲೈ 20ರಂದು, ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಸಂಘದ ಸಭಾಂಗಣದಲ್ಲಿ ಕುಳಿತಾಗಲೆಲ್ಲ, ಆ ಕಾರ್ಮಿಕರು ಕೊಟ್ಟ ಬಿಡುವಿನಲ್ಲಿ ನಾನು ಈ ಭಾಷಣ ಕೇಳುತ್ತಿದ್ದೇನಲ್ಲ ಎನಿಸುತ್ತದೆ.

ನಾನು ಚಿಕ್ಕವಳಿದ್ದಾಗ ಕಲೆಗೆ ವಾರವೂ ಇರಲಿಲ್ಲ, ಖುರ್ಚಿಯೂ ಇರಲಿಲ್ಲ. ಅದೇ ನಮ್ಮೂರಿಗೆ ಬರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಸಣ್ಣಾಟ, ಪಾರಿಜಾತ. ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಚೌಡಕಿ ಪದ. ಮೊಹರಂನಲ್ಲಿ ಹೆಜ್ಜೆ ಮೇಳ, ಕರ್ಬಲಾದ ಪದ. ಹಸನ್ ಹುಸೇನರ ಕಥೆಯನ್ನು ಅಚ್ಚ ಕನ್ನಡದಲ್ಲಿ ಹಾಡಿ ಅಳುತ್ತಿದ್ದವರಲ್ಲಿ ಲಿಂಗಾಯತರು, ಕುರುಬರು, ತಳವಾರರು ಎಲ್ಲ ಇದ್ದರು. ಏಣಗಿ ಬಾಳಪ್ಪನವರ ಏಣಗಿ ನಮ್ಮದೇ ಸವದತ್ತಿ ತಾಲ್ಲೂಕಿನದು. ಕಲಾವೈಭವ ನಾಟ್ಯ ಸಂಘ ಕಟ್ಟಿ ಬಸವಣ್ಣನ ಪಾತ್ರದಿಂದ ಮನೆಮಾತಾಗಿ, ನೂರು ದಾಟಿ ಬಾಳಿ 2017ರಲ್ಲಿ ತೀರಿಕೊಂಡ ಆ ಹಿರಿಯರ ಹೆಸರು ಹೇಳುವಾಗ ನನ್ನ ಅಬ್ಬಾ ಎದ್ದು ನಿಲ್ಲುತ್ತಿದ್ದರು. ಬರೀ ಮಾತಿಗಲ್ಲ, ನಿಜವಾಗಿಯೂ ಎದ್ದು ನಿಲ್ಲುತ್ತಿದ್ದರು.

ಅಬ್ಬಾ ಪೇಟಿ ಮಾಸ್ತರ. ಹಗಲೆಲ್ಲ ಹೊಲಿಗೆ ಮಶೀನು, ರಾತ್ರಿ ಹಾರ್ಮೋನಿಯಂ. ಸುತ್ತಲಿನ ಏಳೆಂಟು ಹಳ್ಳಿಯ ಸಣ್ಣಾಟದ ಮೇಳಗಳಿಗೆ ಅವರ ಪೇಟಿಯೇ ಬೇಕು. ಅದರಲ್ಲೂ ‘ಸಂಗ್ಯಾ ಬಾಳ್ಯಾ’ ಆಟಕ್ಕೆ. ಅದು ಬೈಲಹೊಂಗಲದಲ್ಲೇ ನಡೆದದ್ದೆಂದು ಜನ ನಂಬಿದ ಕಥೆ. ಗೆಳೆತನ, ಪರಸ್ತ್ರೀಯ ಮೋಹ, ಗೆಳೆಯನೇ ಮಾಡಿದ ಮೋಸ, ಕೊನೆಗೆ ಕೊಲೆ. ರಾತ್ರಿ ಹತ್ತಕ್ಕೆ ಶುರುವಾದರೆ ಕೋಳಿ ಕೂಗುವ ಹೊತ್ತಿಗೆ ಮಂಗಳ. ಮೇಳದವರು ಅಬ್ಬಾನ ಇಶಾ ನಮಾಜು ಮುಗಿಯುವವರೆಗೆ ಕಾದು ನಾಂದಿ ಹಾಡುತ್ತಿದ್ದರು. ಬೆಳಗಿನ ಫಜರ್‌ಗೆ ಅವರು ಆಟದ ಅಂಗಳದಿಂದ ನೇರ ಮಸೀದಿಗೆ ಹೋಗುತ್ತಿದ್ದರು. ಇದರಲ್ಲಿ ಯಾರಿಗೂ ವಿಶೇಷವೇನೂ ಕಾಣುತ್ತಿರಲಿಲ್ಲ.

ಅಮ್ಮಿ ಮಾತ್ರ ಒಂದು ರಾತ್ರಿಯೂ ಆ ಆಟ ನೋಡಲಿಲ್ಲ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಸಣ್ಣಾಟಕ್ಕೆ ಹೋಗುತ್ತಿರಲಿಲ್ಲ, ಆ ಮಾತಿನಲ್ಲಿ ಹಿಂದೂ ಮುಸಲ್ಮಾನರೆಂಬ ಭೇದವಿರಲಿಲ್ಲ. ಅಬ್ಬಾ ಹಗಲು ಮನೆಯಲ್ಲಿ ರಿಯಾಜು ಮಾಡುವಾಗ ಅಮ್ಮಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆಕೆಗೆ ಗೊತ್ತಿದ್ದ ಸಂಗ್ಯಾ ಬಾಳ್ಯಾ ಎಂದರೆ ಗೋಡೆಯಾಚೆಯ ಪೇಟಿ, ಅಷ್ಟೆ.

1993ರಲ್ಲಿ ಅಬ್ಬಾ ಪೇಟಿ ಬಿಟ್ಟರು. ಹಿಂದಿನ ಡಿಸೆಂಬರಿನಲ್ಲಿ ಅಯೋಧ್ಯೆಯಲ್ಲಿ ನಡೆದದ್ದರ ಬಿಸಿ ನಮ್ಮ ಮಲಪ್ರಭೆಯ ದಂಡೆಗೂ ತಟ್ಟಿತ್ತು. ಮೇಳದ ಹಿರಿಯರೊಬ್ಬರು ಬಂದು, ಕಟ್ಟೆಯ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತು, “ಈ ವರ್ಸ ಬ್ಯಾಡ ಮಾಸ್ತರ, ಹುಡುಗರು ಸುಮ್ಮಿರೂದಿಲ್ಲ” ಎಂದರು. ಹೇಳುವಾಗ ಅವರ ಕಣ್ಣು ನೆಲದ ಮೇಲಿತ್ತು. ಅದಾದ ಕೆಲವೇ ತಿಂಗಳಿಗೆ ನಮ್ಮವರೇ ನಾಲ್ಕು ಮಂದಿ ಬಂದರು. ವಾದ್ಯ ಬಾರಿಸುವುದು ದೀನಿಗೆ ಸರಿಯಲ್ಲ, ವಯಸ್ಸಾಯಿತು, ಇನ್ನು ಬಿಡಿರಿ ಎಂದು ಸಮಾಧಾನದಿಂದಲೇ ಹೇಳಿದರು. ಎರಡೂ ಕಡೆಯವರು ಚಹಾ ಕುಡಿದೇ ಹೋದರು. ಅಬ್ಬಾ ಇಬ್ಬರಿಗೂ ಎದುರಾಡಲಿಲ್ಲ. ಅಮ್ಮಿಯ ಹಳೆಯ ಸೀರೆಯಲ್ಲಿ ಪೇಟಿ ಸುತ್ತಿ ಅಟ್ಟದ ಮೇಲಿಟ್ಟರು. ಆರನೆಯ ವರ್ಷಕ್ಕೆ ತೀರಿಕೊಂಡರು. ನಾನಾಗ ಏಳನೆಯ ತರಗತಿಯವರೆಗೆ ಉರ್ದು ಕಲಿತು, ಕನ್ನಡ ಹೈಸ್ಕೂಲು ದಾಟಿ, ಕಾಲೇಜು ಸೇರಿದ್ದೆ. ನಾನು ಬರೆದ ಮೊದಲ ಕಥೆ ಅಟ್ಟದ ಮೇಲಿನ ಒಂದು ಪೆಟ್ಟಿಗೆಯದು. ಅದು ಅಚ್ಚಾದಾಗ ಓದಲು ಅವರಿರಲಿಲ್ಲ.

ಕಥೆಗಾರ್ತಿ ಎನಿಸಿಕೊಂಡ ಮೇಲೆ ಧಾರವಾಡದ ವೇದಿಕೆಗಳು ನನ್ನನ್ನೂ ಕರೆದವು. ಮೊದಲ ಸಲ ವಿಷಯ ‘ಮುಸ್ಲಿಂ ಮಹಿಳೆಯ ಸಮಸ್ಯೆಗಳು’. ಎರಡನೆಯ ಸಲ ‘ಭಾವೈಕ್ಯ’. ಮೂರನೆಯ ಸಲ ಮತ್ತೆ ಮಹಿಳೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಕರೆಗಳು ಹೆಚ್ಚಾದವು, ವಿಷಯ ಬದಲಾಗಲಿಲ್ಲ. ಸಣ್ಣಕಥೆಯಲ್ಲಿ ಸಂಭಾಷಣೆ ಹೇಗೆ ಬರೆಯಬೇಕು, ತೊರಗಲ್ಲ ಸೀಮೆಯ ಮಾತು ಬರಹಕ್ಕೆ ಬಂದಾಗ ಏನಾಗುತ್ತದೆ ಎಂದು ನನ್ನನ್ನು ಇದುವರೆಗೆ ಒಬ್ಬರೂ ಕೇಳಿಲ್ಲ. ಕರೆಯುವವರ ಮನಸ್ಸು ಒಳ್ಳೆಯದೇ. ಅವರಿಗೆ ನನ್ನ ಕಥೆ ಬೇಕು, ಆದರೆ ಮೊದಲು ನನ್ನ ಹೆಸರು ಬೇಕು. ಮೇಳದ ಹಿರಿಯರು ಅಬ್ಬಾನ ಹೆಸರಿನ ಸಲುವಾಗಿ ಅವರನ್ನು ಬಿಟ್ಟರು, ಇವರು ಹೆಸರಿನ ಸಲುವಾಗಿ ನನ್ನನ್ನು ಕರೆಯುತ್ತಾರೆ. ಅಬ್ಬಾನನ್ನು ಪೇಟಿಯ ಸಲುವಾಗಿ ಕರೆಯುತ್ತಿದ್ದ ದಿನಗಳೇ ಮೇಲು ಎನಿಸುತ್ತದೆ.

ಆದರೆ ದೂರು ಒಂದೇ ಕಡೆಗಲ್ಲ. ಆ ಸಭಾಂಗಣಗಳಲ್ಲಿ ಕುಳಿತು ಹಿಂದೆ ತಿರುಗಿ ನೋಡಿದರೆ ನಮ್ಮವರು ಎಷ್ಟು ಮಂದಿ? ಭಾವೈಕ್ಯದ ದಿನ ಮೊದಲ ಸಾಲಿನಲ್ಲಿ ಹತ್ತು ಮಂದಿ, ಉಳಿದ ರವಿವಾರ ಒಬ್ಬರೋ ಇಬ್ಬರೋ. ಸಿತಾರರತ್ನ ರಹಿಮತ್ ಖಾನರು ಬಂದು ನೆಲೆಸಿ ಮನೆತನಕ್ಕೆ ಮನೆತನವೇ ಸಿತಾರದಲ್ಲಿ ಬೆಳೆದ ಊರು ಧಾರವಾಡ. ಅವರ ಮೊಮ್ಮಗ ಬಾಲೇಖಾನರ ಸಿತಾರ ಕೇಳಲು ಜನ ದೂರದಿಂದ ಬರುತ್ತಿದ್ದರು. ಅಂಥ ಊರಿನ ಸಂಗೀತ ಸಭೆಗೆ ನಮ್ಮ ಮೊಹಲ್ಲಾದಿಂದ ಹುಡುಗರು ಏಕೆ ಬರುವುದಿಲ್ಲ? ಬಡತನ, ದುಡಿಮೆ, ಗ್ಯಾರೇಜಿನ ರವಿವಾರ ಎಲ್ಲ ನಿಜ. ‘ಅದು ನಮ್ಮದಲ್ಲ’ ಎಂಬ ಮಾತನ್ನು ನಾವೇ ಮಕ್ಕಳ ಕಿವಿಯಲ್ಲಿ ಹೇಳಿದ್ದೂ ನಿಜ. ಇನ್ನು ನಮ್ಮದೆನ್ನುವ ಮುಶಾಯಿರಾ ಶುರುವಾಗುವುದೇ ಇಶಾದ ನಂತರ. ಅದು ಮುಗಿಯುವ ಹೊತ್ತಿಗೆ ಊರಿಗೆ ಬಸ್ಸಿರುವುದಿಲ್ಲ. ಉರ್ದು ಕಲಿತೂ ನಾನು ಕೂತು ಕೇಳಿದ ಮುಶಾಯಿರಾಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದು.

2023ರ ಜೂನ್ 11, ಅದೂ ಒಂದು ರವಿವಾರ, ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವಿಲ್ಲ. ಅದರ ಬಗ್ಗೆ ಏನೇನೋ ಚೇಷ್ಟೆಯ ಮಾತು ಬಂದವು. ನನ್ನ ಮನೆಯಲ್ಲಿ ಆದದ್ದಿಷ್ಟು. ‘ನನಗ್ಯಾಕ ಸುಮ್ಮನ ರೊಕ್ಕ ಖರ್ಚ ಮಾಡ್ತಿ’ ಎಂದು ಎಲ್ಲಿಗೂ ಹೊರಡದಿದ್ದ ಅಮ್ಮಿಗೆ ಆ ನೆವ ಇಲ್ಲದಾಯಿತು. 2024ರ ಜನವರಿಯಲ್ಲಿ ಧಾರವಾಡದಲ್ಲಿ ಸಂಗ್ಯಾ ಬಾಳ್ಯಾ ಇದೆ ಎಂದು ಪತ್ರಿಕೆಯಲ್ಲಿ ಓದಿ ಹೇಳಿದೆ. ಅಮ್ಮಿ ಏನೂ ಅನ್ನಲಿಲ್ಲ. ಶನಿವಾರ ರಾತ್ರಿ ಟ್ರಂಕಿನಿಂದ ಆಧಾರ ಕಾರ್ಡು ತೆಗೆದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು.

ಆಟ ಆರು ಗಂಟೆಗೆ. ಮಗ್ರಿಬ್ ಅದೇ ಹೊತ್ತಿಗೆ. ರಂಗಮಂದಿರದ ಬಾಗಿಲಲ್ಲಿ ಅಮ್ಮಿ, “ನಮಾಜಿಗೆ ಜಾಗಾ ಎಲ್ಲೈತಿ?” ಎಂದಳು. ನನಗೆ ಬೆವರು. ಹದಿನೈದು ವರ್ಷದಿಂದ ಬರುತ್ತಿದ್ದೇನೆ, ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ, ಮನೆಗೆ ಹೋಗಿ ಖಜಾ ಮಾಡುತ್ತಿದ್ದೆ. ಕಸ ಗುಡಿಸುತ್ತಿದ್ದ ಹೆಣ್ಣುಮಗಳು ಅಮ್ಮಿಯ ಮಾತು ಕೇಳಿಸಿಕೊಂಡು, “ಬರ್ರಿ ಯವ್ವಾ, ಒಳಗ ಸ್ವಚ್ಛ ಐತಿ” ಎಂದು ಬಣ್ಣದ ಕೋಣೆಗೆ ಕರೆದುಕೊಂಡು ಹೋದಳು. ಕನ್ನಡಿ, ಸಾಲು ಬಲ್ಬು, ಗೋಡೆಗೆ ನಟರಾಜನ ಪಟ. ಗಂಗಿಯ ಪಾತ್ರದ ಹುಡುಗಿ ಅರ್ಧ ಬಣ್ಣ ಹಚ್ಚಿಕೊಂಡು ಕುಳಿತಿದ್ದಳು. ಎದ್ದು ತನ್ನ ಟ್ರಂಕು ಸರಿಸಿ ಜಾಗ ಮಾಡಿಕೊಟ್ಟಳು. ಪಡುವಣ ಯಾವ ಕಡೆ ಎಂದು ಸಂಗ್ಯಾನ ವೇಷದವನು ತೋರಿಸಿದ. ಅಮ್ಮಿ ಚಾದರ ಹಾಸಿದಳು. ಪಟ ಇರುವ ಗೋಡೆಗೆ ಬೆನ್ನು ಬಂದಿತ್ತು, ಅದೊಂದು ಸಮಾಧಾನ ನನಗೆ. ಅಮ್ಮಿಗೆ ಆ ಗೊಂದಲವೇ ಇರಲಿಲ್ಲ. ಸಲಾಮು ತಿರುಗಿಸಿ ಎದ್ದು, “ನಿಮ್ಮಪ್ಪನೂ ಹಿಂಗ ಪಡದೆ ಹಿಂದ ಮಾಡ್ತಿದ್ದರಂತ” ಎಂದಳು.

ಆಟವನ್ನು ಎರಡು ತಾಸಿಗೆ ಇಳಿಸಿದ್ದರು. ರಾತ್ರಿಯಿಡೀ ನಡೆಯುವುದನ್ನು ಎರಡು ತಾಸಿಗೆ ಕತ್ತರಿಸಿದರೆ ಏನು ಉಳಿಯುತ್ತದೆ ಎಂದು ನಾನೇ ಒಮ್ಮೆ ಲೇಖನ ಬರೆದು ಸಿಟ್ಟು ಮಾಡಿದವಳು. ಈಗಲೂ ಆ ಮಾತು ಸುಳ್ಳೆನ್ನಲಾರೆ. ಪದಗಳು ಬಿದ್ದುಹೋಗಿದ್ದವು, ದೂತಿಯ ಹಾಸ್ಯ ಅರ್ಧ ಇರಲಿಲ್ಲ. ಆದರೆ ಆ ದಿನ ಇನ್ನೊಂದು ಹೊಳೆಯಿತು. ಇಡೀ ರಾತ್ರಿಯ ಆಟವನ್ನು ಅಮ್ಮಿ ಬದುಕಿನಲ್ಲಿ ಒಮ್ಮೆಯೂ ನೋಡಲಿಲ್ಲ. ಸಂಜೆಯ ಈ ಎರಡು ತಾಸು, ಬೆಳಕಿರುವ ಈ ಹಾಲು, ಮರಳಿ ಹೋಗಲು ಬಸ್ಸು, ಇವು ಇದ್ದುದರಿಂದ ಆಕೆ ನೋಡಿದಳು. ನಾನು ಕಳೆದುಹೋಯಿತೆಂದು ಅತ್ತ ಆ ರಾತ್ರಿ, ಗಂಡಸರ ರಾತ್ರಿ.

ಅಮ್ಮಿ ಅಳಲಿಲ್ಲ. ಅರ್ಧ ತಾಸಾದ ಮೇಲೆ ಆಕೆಯ ತುಟಿ ಅಲ್ಲಾಡುತ್ತಿದ್ದುದನ್ನು ಕಂಡೆ. ತಸಬೀಹು ಓದುತ್ತಿದ್ದಾಳೆಂದುಕೊಂಡೆ. ಕಿವಿಗೊಟ್ಟರೆ ಪದಗಳು. ನಟರಿಗಿಂತ ಅರ್ಧ ಸಾಲು ಮುಂದೆ ಹೇಳುತ್ತಿದ್ದಳು. ಬಿಟ್ಟುಹೋದ ಪದ ಬಂದ ಕಡೆ ಗಕ್ಕನೆ ನಿಂತು ನನ್ನ ಮುಖ ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಯಾರದೋ ಮನೆಯ ಅಜ್ಜಿಗೆ ಕೇಳುವಂತೆ, “ಪೇಟಿ ಹುಡುಗನ ಕೈ ಅವಸರ ಮಾಡತೈತಿ. ಇಲ್ಲಿ ನಿಂದರಬೇಕಿತ್ತು” ಎಂದಳು. ಆ ಅಜ್ಜಿ “ಹೌದರಿ” ಎಂದು ತಲೆದೂಗಿದಳು.

ಮರಳುವ ಬಸ್ಸಿನಲ್ಲಿ ಬಹಳ ಹೊತ್ತು ಮಾತಿಲ್ಲ. ಧೈರ್ಯ ಮಾಡಿ ಕೇಳಿದೆ, “ಅಮ್ಮಿ, ಅಬ್ಬಾ ಪೇಟಿ ಬಿಟ್ಟದ್ದು ಛಲೋ ಆತೋ, ಕೆಟ್ಟಾತೋ?” ಅಮ್ಮಿ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: “ಮೊದಲೂ ಐದ ಹೊತ್ತ ನಮಾಜ ಮಾಡ್ತಿದ್ದರು, ಬಿಟ್ಟ ಮ್ಯಾಲೂ ಐದ ಹೊತ್ತ. ಅದೇನ ಹೆಚ್ಚಾಗಲಿಲ್ಲ. ಮಾತು ಮಾತ್ರ ಕಡಿಮಿ ಆತು.”

ದೀನಿನ ವಿಷಯದಲ್ಲಿ ತೀರ್ಪು ಕೊಡುವಷ್ಟು ಇಲ್ಮು ನನಗಿಲ್ಲ. ಸಂಗೀತದ ಬಗ್ಗೆ ಆಲಿಮರಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ. ನನಗೆ ಗೊತ್ತಿರುವುದು ಒಬ್ಬ ಮನುಷ್ಯನ ಆರು ವರ್ಷದ ಮೌನ. ಅದನ್ನು ಹೊರಗಿನವರೂ ಒಳಗಿನವರೂ ಕೂಡಿಯೇ ಕೊಟ್ಟರು, ಇಬ್ಬರೂ ಅವರ ಒಳ್ಳೆಯದಕ್ಕೇ ಎಂದರು.

ಅಟ್ಟದ ಪೇಟಿಯನ್ನು ಹೋದ ವರ್ಷ ಇಳಿಸಿದೆವು. ಬಾತೆಯ ಚರ್ಮವನ್ನು ಇಲಿ ಕಡಿದಿತ್ತು, ಸೀರೆ ಗಟ್ಟಿಯಿತ್ತು. ರಿಪೇರಿಯವರು ಸುರಗಳು ಹಳೆಯವು, ಒಳ್ಳೆಯವು, ಬಾಕಿ ಎಲ್ಲ ಹೊಸದು ಹಾಕಬೇಕು ಎಂದರು. ಈಗ ಅದು ನಮ್ಮ ಮನೆಯ ಪಡಸಾಲೆಯಲ್ಲಿದೆ. ಎರಡನೆಯ ರವಿವಾರ ಮಧ್ಯಾಹ್ನ ಓಣಿಯ ಏಳೆಂಟು ಹೆಣ್ಣುಮಕ್ಕಳು ಬಂದು ಕೂಡುತ್ತಾರೆ. ಒಬ್ಬಾಕೆ ಕಥೆ ಓದುತ್ತಾಳೆ, ಒಬ್ಬಾಕೆ ನಾತ್ ಹಾಡುತ್ತಾಳೆ, ಪಕ್ಕದ ಮನೆಯ ಅಕ್ಕ ವಚನ ಹೇಳುತ್ತಾರೆ. ಅದಕ್ಕೆ ಬ್ಯಾನರಿಲ್ಲ, ಹೆಸರೂ ಇಟ್ಟಿಲ್ಲ, ಭಾವೈಕ್ಯವೆಂದಂತೂ ಇಟ್ಟಿಲ್ಲ. ಮಗಳು ಪೇಟಿಯ ಮೇಲೆ ಸರಿಗಮ ಕಲಿಯುತ್ತಿದ್ದಾಳೆ. ನನ್ನ ಯಜಮಾನರ ಫೂಫಿಗೆ ಇದು ಸೇರಿಲ್ಲ. ಬಂದಾಗಲೆಲ್ಲ ಹೇಳುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ನಾವೂ ಎದುರಾಡುವುದಿಲ್ಲ. ಪೇಟಿಯನ್ನು ಮಾತ್ರ ಅಟ್ಟಕ್ಕೆ ಏರಿಸಿಲ್ಲ.

ಅಮ್ಮಿ ಒಳಗೆ ರೊಟ್ಟಿ ಬಡಿಯುತ್ತ ಕೂಗುತ್ತಾಳೆ: “ಅವಸರ ಮಾಡಬ್ಯಾಡ, ಅಲ್ಲಿ ನಿಂದರು!”